ಘಾಟಿ ಇಳಿದ ಸೈಕಲ್ಲು

ಈ ಪತ್ರಿಕೆಯಲ್ಲಿ ನಾನು ಬರೆಯುವುದು ಸಾಮಾನ್ಯವಾಗಿ ಮೈಲುತುತ್ತದ ದಾಸ್ತಾನು, ಸಾಲದ ವಾಯಿದೆ, ಮಹಾಸಭೆಯ ಸೂಚನೆ ಇಂಥವನ್ನೇ. ‘ಒಂದು ಸಲವಾದರೂ ಓದುವಂಥದ್ದೇನಾದರೂ ಬರೆಯಿರಿ’ ಎಂದು ಸಂಪಾದಕ ಮಿತ್ರರು ಹೇಳಿದ ಮಾತಿನಲ್ಲಿ ಹೊಗಳಿಕೆ ಎಷ್ಟಿತ್ತು, ಚುಚ್ಚು ಎಷ್ಟಿತ್ತು ಎಂದು ನಾನು ವಿಚಾರಿಸಲು ಹೋಗಲಿಲ್ಲ. ೨೦೨೪ರ ಅಕ್ಟೋಬರಿನಲ್ಲಿ, ದಸರೆ ಕಳೆದು ದೀಪಾವಳಿ ಇನ್ನೂ ಬಾರದಿದ್ದ ಒಂದು ಭಾನುವಾರ, ಐವತ್ತು ದಾಟಿದ ನಾನು ಸೈಕಲ್ಲಿನ ಮೇಲೆ ಕುಳಿತು ಚಾರ್ಮಾಡಿ ಘಾಟಿ ಇಳಿದೆ. ಅದನ್ನೇ ಬರೆಯುತ್ತೇನೆ.

ಇದು ಆರಂಭವಾದದ್ದು ಘಾಟಿಯಲ್ಲಲ್ಲ, ಬೆಂಗಳೂರಿನ ಬೆನ್ಸನ್ ಟೌನಿನಲ್ಲಿ. ನನ್ನ ಅಕ್ಕನನ್ನು ಕೊಟ್ಟ ಮನೆ ಅಲ್ಲಿದೆ. ೧೯೮೮ರಿಂದ ೯೧ರವರೆಗೆ ಬಿ.ಎಸ್ಸಿ. ಓದುವಾಗ ಆ ಮನೆಯ ಹಿಂದಿನ ಕೋಣೆಯಲ್ಲಿದ್ದೆ. ಮಿಲ್ಲರ್ಸ್ ರಸ್ತೆಯಲ್ಲಿ ಆಗ ಸೈಕಲ್ ಹೊಡೆಯುವುದೆಂದರೆ ಸುಖ. ಭಾವನವರ ಹಳೆಯ ಕರಿ ಸೈಕಲ್ಲು, ಗೇರು ಎಂಬುದೊಂದಿದೆಯೆಂದು ಕೇಳಿ ಮಾತ್ರ ಗೊತ್ತು. ಖುದ್ದೂಸ್ ಸಾಹೇಬರ ಈದ್ಗಾ ಮೈದಾನದ ಪಕ್ಕದಿಂದ ಕಂಟೋನ್ಮೆಂಟ್ ರೈಲು ನಿಲ್ದಾಣದ ಕಡೆಗೆ, ಅಲ್ಲಿಂದ ಶಿವಾಜಿನಗರದ ರಸೆಲ್ ಮಾರ್ಕೆಟ್ಟಿಗೆ ಅಕ್ಕ ಬರೆದುಕೊಟ್ಟ ಚೀಟಿ ಹಿಡಿದು ಹೋಗುತ್ತಿದ್ದೆ. ಒಂದೇ ಬೀದಿಯಲ್ಲಿ ತಮಿಳು, ಉರ್ದು, ಇಂಗ್ಲಿಷು, ಕನ್ನಡ ನಾಲ್ಕೂ ಕಿವಿಗೆ ಬೀಳುತ್ತಿದ್ದವು. ಪದವಿ ಮುಗಿಸಿ ಊರಿಗೆ ಬಂದೆ. ಆಮೇಲೆ ಜೀಪು. ಸೈಕಲ್ಲು ಮರೆತೇ ಹೋಯಿತು.

ಅಕ್ಕನ ಮಗನಿಗೆ ಈಗ ಸೈಕಲ್ಲಿನ ಹುಚ್ಚು. ಬೆನ್ಸನ್ ಟೌನಿನ ಅಂಚಿನಲ್ಲೇ ನಂದಿದುರ್ಗ ರಸ್ತೆ ಇದೆಯಲ್ಲ, ಆ ಹೆಸರನ್ನು ಅವನ ಗುಂಪಿನ ಹುಡುಗರು ಅಕ್ಷರಶಃ ತೆಗೆದುಕೊಂಡಿದ್ದಾರೆ. ಇನ್ನೂ ಕತ್ತಲಿರುವಾಗಲೇ ಹೊರಟು ಅರವತ್ತು ಕಿಲೋಮೀಟರು ದೂರದ ನಂದಿಬೆಟ್ಟ ಹತ್ತಿ, ತಿಂಡಿಗೆ ಮನೆಗೆ ಬರುತ್ತಾರೆ. ಅಕ್ಟೋಬರಿನ ಆರಂಭದಲ್ಲಿ ಸಂಘದ ಕೆಲಸಕ್ಕೆ ನಾನು ಹೋಗಿದ್ದಾಗ ‘ಮಾವ, ಹತ್ತುವುದು ನಿಮ್ಮಿಂದಾಗದು, ಇಳಿಯುವುದಾದರೂ ನೋಡಿ’ ಎಂದು ಸೈಕಲ್ಲನ್ನು ಕಾರಿನ ಹಿಂದೆ ಕಟ್ಟಿಕೊಂಡು ಕರೆದೊಯ್ದ. ನಂದಿಯ ನೆತ್ತಿ ಸಮುದ್ರಮಟ್ಟದಿಂದ ೧,೪೭೮ ಮೀಟರ್. ಅಲ್ಲಿಂದ ಇಳಿಯುವಾಗ ನಾನು ಮಾಡಿದ್ದು ಒಂದೇ ಕೆಲಸ: ಎರಡೂ ಬ್ರೇಕುಗಳನ್ನು ಮೇಲಿಂದ ಕೆಳಗಿನವರೆಗೂ ಬಿಡದೆ ಹಿಂಡಿದ್ದು. ಅರ್ಧ ದಾರಿಗೆ ಕೈಬೆರಳು ಮರಗಟ್ಟಿತು. ಸುಟ್ಟ ವಾಸನೆ ಬಂತು. ಸುತ್ತಲ ನೋಟ ಹೇಗಿತ್ತೆಂದು ಕೇಳಿದರೆ ಮುಂದಿನ ಚಕ್ರ ಮಾತ್ರ ನೆನಪಿದೆ.

ಆ ಸಂಜೆ ಅವನು ಬ್ರೇಕಿನ ವಿಷಯ ತಿಳಿಸಿಕೊಟ್ಟ. ಓದಿದ್ದ ಭೌತಶಾಸ್ತ್ರ ಸ್ವಲ್ಪ ನೆನಪಿದ್ದುದರಿಂದ ನಾನೂ ಲೆಕ್ಕ ಹಾಕಿ ನೋಡಿದೆ. ಆಳು, ಸೈಕಲ್ಲು ಸೇರಿ ೮೫ ಕಿಲೋ ತೂಕ ೭೦೦ ಮೀಟರ್ ಎತ್ತರದಿಂದ ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು ೫೮೦ ಕಿಲೋಜೂಲ್. ಅಷ್ಟರಲ್ಲಿ ಒಂದೂವರೆ ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ತನಕ ಕಾಯಿಸಬಹುದು. ಹದಿನೈದು ಲೋಟ ಕಾಫಿಗೆ ಸಾಕು. ಆ ಬಿಸಿಯೆಲ್ಲ ಹೋಗುವುದೆಲ್ಲಿಗೆ? ಒಂದು ಪಾಲು ಎದುರುಗಾಳಿಗೆ, ಉಳಿದದ್ದು ಬ್ರೇಕಿಗೆ. ಬಿಡದೆ ಹಿಡಿದರೆ ಬ್ರೇಕಿಗೆ ತಣಿಯಲು ಎಡೆಯೇ ಇಲ್ಲ. ಹಳೆಯ ಮಾದರಿಯಲ್ಲಿ, ಬ್ರೇಕಿನ ರಬ್ಬರು ಚಕ್ರದ ರಿಮ್ಮನ್ನೇ ಕಚ್ಚುವಂಥದ್ದರಲ್ಲಿ, ರಿಮ್ಮು ಕಾದು ಟ್ಯೂಬು ಒಡೆದದ್ದೂ ಉಂಟಂತೆ. ಆದ್ದರಿಂದ ತಿರುವಿಗೆ ಮುಂಚೆಯೇ ಗಟ್ಟಿಯಾಗಿ ಹಿಡಿದು ವೇಗ ಇಳಿಸಿಕೊಳ್ಳಬೇಕು, ತಿರುವಿನೊಳಗೆ ಬಿಡಬೇಕು, ಆಗಾಗ ನಿಂತು ತಣಿಸಬೇಕು. ನಿಲ್ಲಲು ಇಷ್ಟು ಒಳ್ಳೆಯ ಶಾಸ್ತ್ರೋಕ್ತ ಕಾರಣ ಸಿಕ್ಕಿದ್ದು ನನಗೆ ಸಂತೋಷವೇ ಆಯಿತು. ‘ಹಾಗಾದರೆ ನಮ್ಮ ಘಾಟಿ ಇಳಿಯೋಣ, ನಿಧಾನವಾಗಿ’ ಎಂದೆ.

ಹಾಗೆ ಹೇಳಿದ್ದರ ಹಿಂದೆ ಇನ್ನೊಂದು ಉದ್ದೇಶವಿತ್ತು. ತಂದೆಯವರ ಕಾಲದ ಪಾಲಿನಲ್ಲಿ ಅಕ್ಕನಿಗೆ ಬಂದ ಮೂರು ಎಕರೆ ಕಾಫಿ ನನ್ನ ತೋಟದ ಕೆಳಗಿದೆ. ಮಾಡುತ್ತಿರುವವನು ನಾನು, ವರ್ಷಕ್ಕೊಮ್ಮೆ ಲೆಕ್ಕ ಬರೆದು ಹಣ ಕಳಿಸುತ್ತೇನೆ. ಕಾಫಿಗೆ ಎಂದೂ ಕಾಣದ ಬೆಲೆ ಬಂದ ಆ ವರ್ಷ ಕೊಳ್ಳುವವರು ಮನೆಯ ಬಾಗಿಲಿಗೇ ಬಂದರು. ಅವರಿಗೆ ಕಾಫಿಗಿಂತ ಆ ಜಾಗದಿಂದ ಕಾಣುವ ಕಣಿವೆಯ ಮೇಲೆ ಕಣ್ಣು. ಅಕ್ಕ, ‘ಅವನು ಮಾರೋಣ ಅನ್ನುತ್ತಾನೆ. ಅರ್ಧ ಎಕರೆ ಮೊದಲೇ ಜರಿದು ಹೋಗಿದೆಯಂತಲ್ಲ, ಉಳಿದದ್ದೂ ಹೋಗುವ ಮುಂಚೆ ಎನ್ನುತ್ತಾನೆ’ ಎಂದಳು. ಕಾಗದಪತ್ರ ನನ್ನ ಚೀಲದಲ್ಲೇ ಊರಿಗೆ ಬಂತು.

ಮುಂದಿನ ವಾರದ ಕೊನೆಗೆ ಅವನು ಎರಡು ಸೈಕಲ್ಲು ಕಟ್ಟಿಕೊಂಡು ಬಂದ. ಬೆಳಿಗ್ಗೆ ಬೆಳಕು ಹರಿದ ಮೇಲೆ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದೆವು. ಮಬ್ಬಿನಲ್ಲಿ ಹೊರಡಬಾರದು, ಆನೆ ಇರುವ ದಾರಿ. ನಮ್ಮ ಜೀಪು ಹುಡುಗ ಹಿಂದೆ ಬರುವುದೆಂದು ಏರ್ಪಾಟಾಗಿತ್ತು. ಕೊಟ್ಟಿಗೆಹಾರವೆಂದರೆ ಈಗ ತೇಜಸ್ವಿಯವರ ಪ್ರತಿಷ್ಠಾನ ಇರುವ ಊರೆಂದು ಹೊರಗಿನವರಿಗೂ ಗೊತ್ತು. ನಮಗೆ ಮಾತ್ರ ಅದು ಮಳೆಯ ಬಾಗಿಲು.

ಸಮುದ್ರಮಟ್ಟದಿಂದ ಬೆಂಗಳೂರಿನ ಎತ್ತರ ಸುಮಾರು ೯೨೦ ಮೀಟರ್. ನಮ್ಮ ಮೂಡಿಗೆರೆ ಸೀಮೆಯದೂ ಹೆಚ್ಚುಕಡಿಮೆ ಅಷ್ಟೇ. ‘ಬೆನ್ಸನ್ ಟೌನಿನಲ್ಲಿ ನೀನು ಮಲಗುವ ಎತ್ತರದಲ್ಲೇ ನಾನೂ ಇಲ್ಲಿ ಮಲಗುತ್ತೇನೆ’ ಎಂದಾಗ ಹುಡುಗ ನಂಬಲಿಲ್ಲ. ಕೈಗಡಿಯಾರದಂಥ ಯಂತ್ರ ನೋಡಿ ಒಪ್ಪಿಕೊಂಡ. ಇನ್ನೊಂದು ಮಾತನ್ನೂ ಹೇಳಿದೆ. ಈ ಬೆಟ್ಟಸಾಲಿನ ಪೂರ್ವದ ಮಗ್ಗುಲಲ್ಲಿ ಬಿದ್ದ ಮಳೆ ಜಾವಳಿಯಲ್ಲಿ ಹುಟ್ಟುವ ಹೇಮಾವತಿಗೆ ಸೇರಿ, ಕೃಷ್ಣರಾಜಸಾಗರದಲ್ಲಿ ಕಾವೇರಿಯಾಗುತ್ತದೆ. ೧೯೭೪ರಿಂದ ಬೆಂಗಳೂರಿಗೆ ಕಾವೇರಿ ನೀರು ಬರುತ್ತಿದೆ. ಅಂದರೆ ಅಕ್ಕನ ಮನೆಯ ನಲ್ಲಿಯಲ್ಲಿ ನಮ್ಮ ಮಳೆಯದೂ ಒಂದು ಪಾಲಿದೆ. ಪಶ್ಚಿಮದ ಮಗ್ಗುಲಲ್ಲಿ ಬಿದ್ದದ್ದು ಮೃತ್ಯುಂಜಯ ಹೊಳೆ ಸೇರಿ, ಪಜಿರಡ್ಕದಲ್ಲಿ ನೇತ್ರಾವತಿಯನ್ನು ಕೂಡಿ ಮಂಗಳೂರಿನ ಕಡಲಿಗೆ. ನಾವು ಆ ದಿನ ಹೊರಟದ್ದು ಈ ಎರಡನೆಯ ನೀರಿನ ಜೊತೆಗೆ.

ಕೊಟ್ಟಿಗೆಹಾರದಿಂದ ಚಾರ್ಮಾಡಿ ಊರಿಗೆ ೨೪–೨೫ ಕಿಲೋಮೀಟರು. ಈ ದಾರಿಯಲ್ಲಿ ನಾನು ಎಷ್ಟು ನೂರು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಮಂಗಳೂರಿನ ಆಸ್ಪತ್ರೆಗೆ, ಮಂಡಿಗೆ, ಧರ್ಮಸ್ಥಳಕ್ಕೆ, ಮದುವೆಗೆ. ಪ್ರತಿ ಸಲವೂ ಕಣ್ಣು ಎದುರಿನಿಂದ ಬರುವ ಬಸ್ಸಿನ ಮೇಲೆ, ಕಾಲು ಬ್ರೇಕಿನ ಮೇಲೆ. ಸೈಕಲ್ಲಿನಲ್ಲಿ ಮೊದಲು ಗೊತ್ತಾದದ್ದು ಸದ್ದು. ಮಲಯಮಾರುತದವರೆಗಿನ ದಾರಿ ಅಷ್ಟೇನೂ ಕಡಿದಲ್ಲ. ಅಲ್ಲಿ ನಿಂತರೆ ಕಾಣದ ನೀರು ಎಲ್ಲ ಕಡೆಯಿಂದಲೂ ಕೇಳಿಸುತ್ತದೆ. ಶರದೃತುವೆಂದರೆ ಬೇರೆ ದೇಶಗಳಲ್ಲಿ ಎಲೆ ಕೆಂಪಾಗಿ ಉದುರುವ ಕಾಲ. ನಮ್ಮಲ್ಲಿ ಆಕಾಶದಲ್ಲಿ ನೀರು ಮುಗಿದು ಬೆಟ್ಟದೊಳಗೆ ಮಾತ್ರ ಉಳಿದಿರುವ ಕಾಲ. ಆಲೇಖಾನ್ ಅಬ್ಬಿ ಆಷಾಢದ ಅಬ್ಬರ ಬಿಟ್ಟು ಹಾಲಿನ ಧಾರೆಯಷ್ಟಾಗಿತ್ತು. ದರೆಯ ಮೇಲೆ ಕರ್ಣಕುಂಡಲದ ಹೂವು ಇನ್ನೂ ಇತ್ತು, ಜರಿಗಿಡದ ತುದಿ ಒಣಗತೊಡಗಿತ್ತು. ಏಳೂವರೆಯಾದರೂ ಕಣಿವೆಯಲ್ಲಿ ಮಂಜು. ಜೇನುಕಲ್ಲು ಬೆಟ್ಟದ ನೆತ್ತಿ ಮಾತ್ರ ಅದರ ಮೇಲೆ ತೇಲಿದಂತಿತ್ತು.

ಅಣ್ಣಪ್ಪಸ್ವಾಮಿಯ ಗುಡಿಯಲ್ಲಿ ಎಲ್ಲ ವಾಹನದವರಂತೆ ನಾವೂ ನಿಂತು ಕೈಮುಗಿದೆವು. ಬಸ್ಸಿನ ಕಿಟಕಿಯಿಂದ ಕಾಸು ಎಸೆದು ಹೋಗುವುದು ಬೇರೆ, ಸೈಕಲ್ಲು ಒರಗಿಸಿ ಒಳಗೆ ಹೋಗುವುದು ಬೇರೆ. ಅಲ್ಲಿ ಜೀಪು ನಿಲ್ಲಿಸಿದ ಪರಿಚಯದ ಸದಸ್ಯರೊಬ್ಬರು ನನ್ನ ತಲೆಯ ಮೇಲಿನ ಹೆಲ್ಮೆಟ್ಟನ್ನೂ ಮೊಣಕಾಲಿನವರೆಗಿನ ಚಡ್ಡಿಯನ್ನೂ ದೀರ್ಘವಾಗಿ ನೋಡಿ, ‘ಏನು ಸೆಕ್ರೆಟರಿಗಳೇ, ಜೀಪಿನ ಕಂತು ಕಟ್ಟಲಿಲ್ಲವೇ? ಮುಟ್ಟುಗೋಲಾಯಿತೇ?’ ಎಂದು ಕೇಳಿದರು. ವಾಯಿದೆ ಮೀರಿದ ಅವರ ಬಾಕಿಯನ್ನು ನಾನು ನೆನಪಿಸಲಿಲ್ಲ, ದೇವಸ್ಥಾನವೆಂದು.

ಗುಡಿ ದಾಟಿದ ಮೇಲಿನ ಕಡಿದಾದ ತಿರುವುಗಳಲ್ಲಿ ನನಗೆ ಬ್ರೇಕಿನ ಹದ ಸಿಕ್ಕಿತು. ಹಿಡಿ, ಇಳಿಸು, ಬಿಡು. ಹುಡುಗ ಮುಂದೆ ಹಾರಿಹೋಗಿ ತಿರುವಿನಲ್ಲಿ ಕಾಯುತ್ತಿದ್ದ; ನಾಲ್ಕನೆಯ ಸಲಕ್ಕೆ ಬೇಸತ್ತು ನನ್ನ ಪಕ್ಕದಲ್ಲೇ ಬರತೊಡಗಿದ. ಆಗಲೇ ಅವನ ಪ್ರಶ್ನೆಗಳು ಶುರುವಾದದ್ದು. ಗಂಟೆಗೆ ಹತ್ತು ಕಿಲೋಮೀಟರಿನಲ್ಲಿ ಇಳಿಯುವವನಿಗೆ ಬಲಗಡೆಯ ದರೆಯ ಒಂದೊಂದು ಗಾಯವೂ ಕಾಣುತ್ತದೆ. ಕಲ್ಲು ಕಟ್ಟಿದ ತಡೆಗೋಡೆ, ಅದರ ಪಕ್ಕದಲ್ಲಿ ಹೊಸ ಹುಲ್ಲು ಹತ್ತಿದ ಕೆಂಪು ಮಣ್ಣು, ಅದರಾಚೆ ನೂರು ವರ್ಷದಿಂದ ಅಲುಗದ ಬಂಡೆ. ‘ಇಲ್ಲಿ ಜರಿದಿದೆ, ಅಲ್ಲಿ ಜರಿದಿಲ್ಲ. ಮಳೆ ಎರಡರ ಮೇಲೂ ಬಿದ್ದಿತಲ್ಲ?’ ಎಂದ.

೨೦೧೮ ಮತ್ತು ೨೦೧೯ ನಮ್ಮವರಿಗೆ ಮರೆಯುವಂಥ ವರ್ಷಗಳಲ್ಲ. ೨೦೧೮ರಲ್ಲಿ ಶಿರಾಡಿ ಕಾಂಕ್ರೀಟು ಕೆಲಸಕ್ಕೆಂದು ಮುಚ್ಚಿ, ಅದರ ಭಾರವೂ ಚಾರ್ಮಾಡಿಯ ಮೇಲೆ ಬಿದ್ದಿತ್ತು. ಜೂನಿನಲ್ಲಿ ದರೆ ಕುಸಿದು ವಾಹನಗಳು ರಾತ್ರಿಯಿಡೀ ಘಾಟಿಯಲ್ಲಿ ಸಿಕ್ಕಿಬಿದ್ದವು. ೨೦೧೯ರ ಆಗಸ್ಟಿನಲ್ಲಿ ಹಲವು ಕಡೆ ಒಟ್ಟಿಗೇ ಕುಸಿದು ದಾರಿಯೇ ಬಂದಾಯಿತು. ಆಮೇಲೆ ಸಣ್ಣ ವಾಹನಗಳಿಗೆ ಬಿಟ್ಟರೂ ಲಾರಿಗಳಿಗೆ ಬಹಳ ಕಾಲ ಅಪ್ಪಣೆ ಇರಲಿಲ್ಲ. ಲಾರಿ ಸುತ್ತು ಹಾಕಿ ಹೋದರೆ ಬಾಡಿಗೆಯ ಹೆಚ್ಚಳ ಯಾರ ಚೀಟಿಯಲ್ಲಿ ಕಡಿತವಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಈ ದಾರಿಯೂ ನಮ್ಮ ಕಾಫಿಯೂ ಹಳೆಯ ನೆಂಟರು. ಮಲೆನಾಡಿನ ತೇವದಲ್ಲಿ ಒಣಗದ ಕಾಫಿ ಎತ್ತಿನ ಗಾಡಿಯಲ್ಲಿ ಘಾಟಿ ಇಳಿದು ಮಂಗಳೂರಿನ ಬಿಸಿಲಿನಲ್ಲಿ ಸಂಸ್ಕರಣೆಯಾಗಿ ಹಡಗು ಹತ್ತುತ್ತಿದ್ದ ಕಾಲವಿತ್ತು.

ಸೋಮನಕಾಡಿನ ಹತ್ತಿರ ಕಟ್ಟೆಯ ಮೇಲೆ ಕುಳಿತು ಬ್ರೇಕು ತಣಿಸಿದೆವು. ಹುಡುಗನಿಗೆ ನನಗೆ ಗೊತ್ತಿದ್ದಷ್ಟು ಹೇಳಿದೆ. ಕೆಳಗೆ ಬಂಡೆ, ಮೇಲೆ ಕೆಲವು ಮಾರು ಮಣ್ಣು. ಬಂಡೆ ನೀರು ಕುಡಿಯುವುದಿಲ್ಲ. ಮಣ್ಣು ಕುಡಿದಷ್ಟೂ ಭಾರವಾಗುತ್ತದೆ. ಅದರ ಕಣಗಳ ನಡುವೆ ತುಂಬಿದ ನೀರು ಒಂದನ್ನೊಂದು ಹಿಡಿದುಕೊಳ್ಳದಂತೆ ದೂಡುತ್ತದೆ. ದಾರಿಗೆಂದು ಬುಡ ಕಡಿದಲ್ಲಿ ಊರುಗೋಲು ಕಿತ್ತಂತೆ. ಇಷ್ಟಾದರೂ ನೀರಿಗೆ ಹೊರಗೆ ಹೋಗಲು ದಾರಿಯಿದ್ದರೆ ಅನೇಕ ಸಲ ದರೆ ನಿಲ್ಲುತ್ತದೆ. ನೋಡು, ಆ ಮೋರಿ ಬಾಯಿ ತೆರೆದಿದೆ, ಅದರ ಮೇಲಿನ ದರೆ ನಿಂತಿದೆ. ಇದರ ಬಾಯಲ್ಲಿ ಸೊಪ್ಪು, ಬಾಟಲಿ, ಹೂಳು. ನೀರು ದಾರಿಯ ಮೇಲೆ ಹರಿದು ಆಚೆ ಅಂಚನ್ನು ಕೊರೆದಿದೆ. ಎಲ್ಲ ಕುಸಿತಕ್ಕೂ ಮೋರಿಯೇ ಕಾರಣವಲ್ಲ. ೨೦೧೯ರ ಆಗಸ್ಟಿನಂಥ ಮಳೆಗೆ ಮನುಷ್ಯ ಮುಟ್ಟದ ಕಾಡೂ ಜರಿಯಿತು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಮ್ಮನ ಅರ್ಧ ಎಕರೆಯ ಮೇಲೆ ಮೋರಿ ಇತ್ತೇ?’ ಎಂದು ಕೇಳಿದ.

ಇತ್ತು. ನಮ್ಮ ತೋಟದ ಜೀಪು ದಾರಿ ತಿರುಗುವಲ್ಲಿ, ಅಪ್ಪ ಕಲ್ಲಿನಲ್ಲಿ ಕಟ್ಟಿಸಿದ್ದು. ಪ್ರತಿ ವರ್ಷ ಮೇ ತಿಂಗಳ ಕೊನೆಗೆ ಆಳು ಹಾಕಿ ಅದರ ಹೂಳು ತೆಗೆಸುವುದು ಪದ್ಧತಿ. ೨೦೧೯ರಲ್ಲಿ ತೆಗೆಸಿರಲಿಲ್ಲ. ಆಳಿನ ಕೊರತೆ ನಿಜ. ಆದರೆ ನನ್ನ ಪಾಲಿನ ಮೇಲಿದ್ದ ಎರಡು ಮೋರಿಗಳಿಗೆ ಆಳು ಸಿಕ್ಕಿದ್ದರು ಎಂಬುದೂ ನಿಜ. ಮೂರನೆಯದು ಮುಂದಿನ ವಾರ, ಅದರ ಮುಂದಿನ ವಾರ ಎಂದು ಮಳೆ ಹಿಡಿಯಿತು. ಆಗಸ್ಟಿನ ಆ ರಾತ್ರಿ ನೀರು ಮೋರಿ ಬಿಟ್ಟು ದಾರಿಯಲ್ಲೇ ಹರಿದು ಅಕ್ಕನ ತೋಟಕ್ಕೆ ಇಳಿಯಿತು. ಬೆಳಿಗ್ಗೆ ಹೋಗಿ ನೋಡಿದರೆ ಅರ್ಧ ಎಕರೆ ಕಾಫಿ, ನೆರಳಿನ ಮರಗಳ ಸಮೇತ, ಹಳ್ಳದಲ್ಲಿತ್ತು. ಅಕ್ಕನಿಗೆ ‘ಮಳೆಗೆ ಹೋಯಿತು’ ಎಂದು ಬರೆದೆ. ಸುತ್ತಲೂ ಎಲ್ಲರ ತೋಟವೂ ಜರಿದಿದ್ದ ಆ ವರ್ಷ ಯಾರೂ ಹೆಚ್ಚು ಕೇಳಲಿಲ್ಲ. ಐದು ವರ್ಷ ನಾನೂ ಹಾಗೆಯೇ ಹೇಳಿಕೊಂಡು ಬಂದೆ. ಹೇಳುತ್ತಾ ಹೇಳುತ್ತಾ ನನಗೂ ನಂಬಿಕೆ ಬಂದಿತ್ತು.

ಕಟ್ಟೆಯ ಮೇಲೆ ಕುಳಿತು ಇದನ್ನೆಲ್ಲ ಅವನಿಗೆ ಹೇಳಿದೆ. ಮೋರಿ ತೆರೆದಿದ್ದರೆ ಅರ್ಧ ಎಕರೆ ಉಳಿಯುತ್ತಿತ್ತೇ ಎಂದು ಪ್ರಮಾಣ ಮಾಡಿ ಹೇಳಲಾರೆ. ಉಳಿಯುವ ಸಂಭವವಿತ್ತು. ಆ ಜಾಗ ಹೇಗೂ ನಿಲ್ಲದ ಜಾಗವೆಂದು ತಿಳಿದು ಮಾರಲು ಹೊರಟವನಿಗೆ ಇದು ತಿಳಿದಿರಬೇಕಿತ್ತು. ಅವನು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಸೈಕಲ್ಲಿನ ಬ್ರೇಕಿನ ತಟ್ಟೆಗೆ ನೀರಿನ ಬಾಟಲಿಯಿಂದ ಎರಡು ಹನಿ ಹಾಕಿ, ಚುರ್ ಎನ್ನದ್ದನ್ನು ನೋಡಿ, ‘ತಣಿದಿದೆ ಮಾವ, ಹೊರಡೋಣ’ ಎಂದ.

ಉಳಿದ ಇಳಿಜಾರಿನಲ್ಲಿ ಮಾತಿಲ್ಲ. ಒಂದೊಂದು ತಿರುವಿಗೂ ಗಾಳಿ ದಪ್ಪವಾಗುತ್ತಾ ಬಂತು. ಮೇಲೆ ತೊಟ್ಟಿದ್ದ ಉಣ್ಣೆಯ ಅಂಗಿ ಸೊಂಟಕ್ಕೆ ಬಂತು, ಆಮೇಲೆ ಜೀಪಿಗೆ. ಕಾಡಿನ ಮರಗಳ ನಡುವೆ ಮೊದಲ ತೆಂಗು, ಮೊದಲ ಅಡಿಕೆ ಕಾಣಿಸಿತು. ದಾರಿ ಚಪ್ಪಟೆಯಾಗಿ ಪೆಡಲು ತುಳಿಯಬೇಕಾದಾಗ ತೊಡೆ ಮರೆತೇ ಹೋಗಿದ್ದ ಕೆಲಸವನ್ನು ನೆನಪು ಮಾಡಿಕೊಂಡಿತು. ಚಾರ್ಮಾಡಿ ತಲುಪಿದಾಗ ಹನ್ನೊಂದೂವರೆ. ಜೀಪಿಗೆ ಮುಕ್ಕಾಲು ಗಂಟೆಯ ದಾರಿಗೆ ನಾಲ್ಕು ಗಂಟೆ.

ಕಕ್ಕಿಂಜೆಯ ಕಡೆ ಪರಿಚಯದ ಬೆಳೆಗಾರರೊಬ್ಬರ ಮನೆಯಲ್ಲಿ ಊಟಕ್ಕೆ ಹೇಳಿಕಳಿಸಿದ್ದೆ. ೨೦೧೯ರ ಆಗಸ್ಟಿನಲ್ಲಿ ಮೃತ್ಯುಂಜಯದ ನೀರು ಅವರ ಅಡಿಕೆ ತೋಟದಲ್ಲೂ ನುಗ್ಗಿ ಮರಳು ತುಂಬಿತ್ತು. ಅಂಗಳದಲ್ಲಿ ಮೊದಲ ಕೊಯ್ಲಿನ ಹಣ್ಣಡಿಕೆ ಹರಡಿದ್ದರು. ಮೇಲೆ ನಮ್ಮಲ್ಲಿ ಅಡಿಕೆಯನ್ನು ಹಸಿರಿರುವಾಗಲೇ ಸುಲಿದು, ಬೇಯಿಸಿ, ಕೆಂಪಡಿಕೆ ಮಾಡುವವರೇ ಹೆಚ್ಚು. ಇಲ್ಲಿ ಹಣ್ಣಾದ ಮೇಲೆ ಇಡಿಯಾಗಿ ನಲವತ್ತು–ನಲವತ್ತೈದು ದಿನ ಬಿಸಿಲಿಗೆ ಹಾಕಿ ಚಾಲಿ. ಒಂದೇ ಮರ, ಇಪ್ಪತ್ತೈದು ಕಿಲೋಮೀಟರು ಇಳಿಯುವಷ್ಟರಲ್ಲಿ ಎರಡು ಬೇರೆ ಸಂಸಾರ. ನಮ್ಮ ಮೋಡ ಬೇಯಿಸುವ ಹಂಡೆಯನ್ನು ಕೊಟ್ಟಿತು, ಇವರ ಬಿಸಿಲು ಅಂಗಳವನ್ನು. ಕೊಳೆರೋಗ ಮಾತ್ರ ಇಬ್ಬರಿಗೂ ಸಮನಾಗಿ ಬರುತ್ತದೆ. ಆ ವರ್ಷ ಮೂರನೆಯ ಸಲ ಬೋರ್ಡೋ ಹೊಡೆಸಬೇಕಾಯಿತೆಂದು ಮನೆಯವರು ಹೇಳಿದರು. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕವನ್ನು ಹುಡುಗ ಮೊಬೈಲಿನಲ್ಲಿ ಬರೆದುಕೊಂಡ. ಏಕೆಂದು ನಾನು ಕೇಳಲಿಲ್ಲ.

ಊಟವಾದ ಮೇಲೆ ಮನೆಯವರು ತಾವು ಮರಳು ತೆಗೆಸಿ, ಬಸಿಗಾಲುವೆ ಮತ್ತೆ ತೋಡಿ, ಸಸಿ ಇಟ್ಟ ಜಾಗ ತೋರಿಸಿದರು. ಸಸಿಗಳು ಆಳೆತ್ತರ ದಾಟಿದ್ದವು. ಹುಡುಗ ಕಾಲುವೆಯ ಉದ್ದಕ್ಕೂ ಹೊಳೆಯವರೆಗೆ ನಡೆದುಕೊಂಡು ಹೋಗಿ, ನೀರು ಎಲ್ಲಿ ಹೊರಬೀಳುತ್ತದೆಂದು ನೋಡಿ ಬಂದ. ಸಂಜೆ ಸೈಕಲ್ಲುಗಳನ್ನು ಜೀಪಿಗೆ ಹಾಕಿ ಘಾಟಿ ಹತ್ತಿದೆವು. ಹತ್ತುವಾಗ ಏನೂ ಕಾಣಲಿಲ್ಲ. ಮಂಜು ಮತ್ತು ಎದುರಿನ ದೀಪ.

ಅದೇ ವಾರ ನಾನು ಅಕ್ಕನಿಗೆ ಫೋನು ಮಾಡಿ ಮೋರಿಯ ವಿಷಯ ಹೇಳಿದೆ. ‘ಅವನು ಹೇಳಿದ’ ಎಂದಳು, ಅಷ್ಟೇ. ಮಾರಾಟದ ಕಾಗದಕ್ಕೆ ಸಹಿ ಹಾಕಲು ಹೇಳಲೂ ಇಲ್ಲ, ಬೇಡವೆನ್ನಲೂ ಇಲ್ಲ. ಕಾಗದ ಸಂಘದ ಕಚೇರಿಯ ನನ್ನ ಮೇಜಿನ ಕೆಳಗಿನ ಖಾನೆಯಲ್ಲಿದೆ. ಈ ವರ್ಷ ಮೇ ಇಪ್ಪತ್ತರ ಸುಮಾರಿಗೆ, ಮುಂಗಾರಿನ ಸುದ್ದಿ ಪತ್ರಿಕೆಯಲ್ಲಿ ಬರುತ್ತಿದ್ದಾಗ, ಬೆನ್ಸನ್ ಟೌನಿನಿಂದ ಫೋನು ಬಂತು. ಅಮ್ಮನ ತೋಟದ ಮೇಲಿನ ಮೋರಿ ತೆಗೆಸಿ ಆಯಿತೇ ಎಂದು ಹುಡುಗ ಕೇಳಿದ. ಆಯಿತು ಎಂದೆ. ‘ಫೋಟೋ ಕಳಿಸಿ ಮಾವ’ ಎಂದ. ಹೋಗಿ ತೆಗೆದು ಕಳಿಸಿದೆ.